ಹಳದಿ ಹಕ್ಕಿಯ ಗುಟ್ಟು

ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಸುಮ್ನೆ ಹಳೇ ಅಮೆರಿಕನ್ ಟೀವಿ ತುಣುಕುಗಳನ್ನು ನೋಡುತ್ತಿದ್ದೆ. 1981ರಲ್ಲಿ ‘ಸೆಸಮಿ ಸ್ಟ್ರೀಟ್’ ಅನ್ನೋ ಮಕ್ಕಳ ಕಾರ್ಯಕ್ರಮದ ಹಳದಿ ಹಕ್ಕಿ ಬಿಗ್ ಬರ್ಡ್, ಮಕ್ಕಳದ್ದೇ ಇನ್ನೊಂದು ಕಾರ್ಯಕ್ರಮ ‘ಮಿಸ್ಟರ್ ರೋಜರ್ಸ್ ನೇಬರ್‌ಹುಡ್’ಗೆ ಅತಿಥಿಯಾಗಿ ಬಂದಿತ್ತು. 8 ಅಡಿ 2 ಇಂಚಿನ ಹಕ್ಕಿ! ಒಳಗಿದ್ದವರು ಕ್ಯಾರಲ್ ಸ್ಪಿನ್ನಿ. ಬಲಗೈ ತಲೆಯ ಮೇಲಕ್ಕೆತ್ತಿ ಕೊಕ್ಕು ಆಡಿಸಬೇಕು, ಎದೆಗೆ ಕಟ್ಟಿದ ಪುಟ್ಟ ಟೀವಿ ನೋಡಿಕೊಂಡೇ ನಡೆಯಬೇಕು. ಬಸ್ಸಲ್ಲಿ ಹತ್ತು ನಿಮಿಷ ಮೇಲಿನ ಕಂಬಿ ಹಿಡಿದರೇ ನನ್ನ ಕೈ ಸೋಲುತ್ತದೆ.

ವೇಷ ಕಳಚಿ ಒಳಗಿನ ಮನುಷ್ಯನನ್ನು ಮಕ್ಕಳಿಗೆ ತೋರಿಸೋಣ ಅಂದರಂತೆ ಕಾರ್ಯಕ್ರಮ ನಡೆಸುತ್ತಿದ್ದ ರೋಜರ್ಸ್. ಸ್ಪಿನ್ನಿ ಸುತರಾಂ ಒಪ್ಪಲಿಲ್ಲ. ಕೊನೆಗೆ ಹಕ್ಕಿ ಕಾಣಿಸಿಕೊಂಡಿದ್ದು ಆ ಕಾರ್ಯಕ್ರಮದ ಗೊಂಬೆಗಳ ಕಲ್ಪನೆಯ ಊರಿನಲ್ಲಿ ಮಾತ್ರ. ಮಕ್ಕಳಿಗೆ ನಿಜ ಹೇಳಬೇಕು ಅನ್ನೋದೂ ಸರಿಯೇ ಅಲ್ವಾ?

ಅಷ್ಟರಲ್ಲಿ ಮಗಳು, “ಅಮ್ಮಾ, ಅದರೊಳಗೆ ಯಾರಿದ್ದಾರೆ?” ಅಂದಳು.

“ಯಾರೂ ಇಲ್ಲ ಕಣೇ, ಅದು ಹಕ್ಕೀನೇ” ಅಂದುಬಿಟ್ಟೆ.