ರಾಗಿ ಒಡೆಯುವ ಗಿರಣಿ ಹುಡುಕಿಕೊಂಡು ಮೆಲ್ಬರ್ನಿಗೆ

ನಾನಿರುವುದು ಸಿಂಗಾಪುರದಲ್ಲಿ. ಇಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳಲು ಕಾನೂನಿನ ಒಪ್ಪಿಗೆಯಿದೆ. 18 ವರ್ಷ ತುಂಬಿರಬೇಕು, ಒಂದು ಮನೆಯಲ್ಲಿ ತಿಂಗಳಿಗೆ 30 ಲೀಟರ್ ದಾಟಬಾರದು, ಮಾರಬಾರದು, ಭಟ್ಟಿ ಇಳಿಸಬಾರದು. ಅಷ್ಟೇ. ನಮ್ಮ ಮನೆಯ ಅಡುಗೆಕಟ್ಟೆ ಚಿಕ್ಕದು. ಹಾಗಾಗಿ ನಾನು ಒಂದು ಸಲಕ್ಕೆ 10 ಲೀಟರಿನಷ್ಟು ಮಾತ್ರ ಮಾಡುತ್ತೇನೆ.

ರಾಗಿ ಹಾಕಿ ಬಿಯರ್ ಮಾಡಬೇಕು ಅನ್ನುವುದು ಬಹಳ ದಿನದ ಆಸೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಸಿಕ್ಕಿಂ ಮತ್ತು ನೇಪಾಳದಲ್ಲಿ ರಾಗಿಯನ್ನು ಹುಳಿ ಬರಿಸಿಯೇ ತೋಂಗ್ಬಾ ಎಂಬ ಮದ್ಯ ಮಾಡುತ್ತಾರೆ. ನಮ್ಮಲ್ಲಿ ಅಮ್ಮಂದಿರು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಾಲ್ಟ್ ಮಾಡುತ್ತಾರಲ್ಲ, ಬಾರ್ಲಿಯನ್ನು ಬಿಯರಿಗೆ ತಯಾರು ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ. ಬಿಯರಿಗಾದರೆ ಜೋರಾಗಿ ಹುರಿಯಬಾರದು. ಕಾಳು ಮೊಳೆಯುವಾಗ ಅದರಲ್ಲಿ ಕಿಣ್ವಗಳು ತಯಾರಾಗುತ್ತವೆ. ಪಿಷ್ಟವನ್ನು ಸಕ್ಕರೆ ಮಾಡುವುದು ಅವೇ. ಹುರಿದರೆ ಅವು ಸತ್ತುಹೋಗುತ್ತವೆ.

ತೊಂದರೆ ಇದ್ದದ್ದು ಕಾಳು ಒಡೆಯುವುದರಲ್ಲಿ. ಮಿಕ್ಸಿಗೆ ಹಾಕಿದರೆ ಹಿಟ್ಟಾಗುತ್ತದೆ. ಹಿಟ್ಟನ್ನು ಬಿಸಿನೀರಿಗೆ ಹಾಕಿದರೆ ಅಂಬಲಿಯಾಗಿ ಕೂರುತ್ತದೆ, ಪಾತ್ರೆಯ ಕೆಳಗಿನ ನಲ್ಲಿಯಿಂದ ಒಂದು ಹನಿಯೂ ಇಳಿಯುವುದಿಲ್ಲ. ಬಾರ್ಲಿ ಹಾಗಲ್ಲ. ಅದರ ಹೊಟ್ಟು ದಪ್ಪ, ತಾನೇ ಜರಡಿಯಾಗಿ ನಿಂತು ರಸವನ್ನು ಸೋಸಿಕೊಡುತ್ತದೆ. ರಾಗಿಗೆ ಅಂಥ ಹೊಟ್ಟಿಲ್ಲ. ಆದ್ದರಿಂದ ರಾಗಿಯನ್ನು ಒಡೆಯಬೇಕು, ಆದರೆ ಹಿಟ್ಟು ಮಾಡಬಾರದು. ಅದಕ್ಕೆ ಎರಡೋ ಮೂರೋ ಉಕ್ಕಿನ ರೋಲರ್ ಇರುವ ಕೈಗಿರಣಿ ಬೇಕು. ರೋಲರ್‌ಗಳ ನಡುವಿನ ಸಂದನ್ನು ಸಣ್ಣದು ಮಾಡಲು ಬರುವಂತಿರಬೇಕು. ಬಾರ್ಲಿಗೆ ಸುಮಾರು 1.2 ಮಿಲಿಮೀಟರ್ ಸಂದು ಸಾಕು. ರಾಗಿ ಕಾಳೇ ಒಂದೂವರೆ ಮಿಲಿಮೀಟರ್ ಆಸುಪಾಸು ಇರುತ್ತದೆ. ಇಂಥದ್ದನ್ನು ಫೋಟೋ ನೋಡಿ ತರಿಸುವುದು ನನಗೆ ಇಷ್ಟವಿರಲಿಲ್ಲ. ಕಾಳು ಹಾಕಿ, ಹಿಡಿ ತಿರುಗಿಸಿ ನೋಡಿಯೇ ಕೊಳ್ಳಬೇಕಿತ್ತು.

ಅಕ್ಕ, ಭಾವ ಇರುವುದು ಮೆಲ್ಬರ್ನಿನ ಕ್ಲೇಟನ್ ಕಡೆ. 2024ರ ಜೂನಿನಲ್ಲಿ ಅವರ ಮನೆಗೆ ಹೊರಟಾಗ ಗಿರಣಿಯೂ ಪಟ್ಟಿಗೆ ಸೇರಿತು. ಆಸ್ಟ್ರೇಲಿಯಾದಲ್ಲಿ ಮನೆ ಬಿಯರ್ ಎಂದರೆ ಮಾಮೂಲಿ ಹವ್ಯಾಸ. 1970ರ ದಶಕದ ಮೊದಲ ವರ್ಷಗಳಲ್ಲೇ ಅಲ್ಲಿ ಇದಕ್ಕೆ ಬಿಡುಗಡೆ ಸಿಕ್ಕಿತು. ಅಡಿಲೇಡಿನ ಕೂಪರ್ಸ್ ಕಂಪನಿ 1862ರಿಂದ ಬಿಯರ್ ಮಾಡುತ್ತಿದೆ. ಈಗಲೂ ಆ ಮನೆತನದ ಕೈಯಲ್ಲೇ ಇದೆ. ಅವರ 1.7 ಕೆಜಿಯ ಡಬ್ಬಿಯಲ್ಲಿ ಗಟ್ಟಿ ಪಾಕದಂಥ ಮಾಲ್ಟ್ ಇರುತ್ತದೆ. ಸಕ್ಕರೆ, ನೀರು, ಯೀಸ್ಟ್ ಸೇರಿಸಿದರೆ 23 ಲೀಟರ್ ಬಿಯರ್. ಸೂಪರ್‌ಮಾರ್ಕೆಟ್‌ನಲ್ಲಿ ಬೇಳೆ, ಅಕ್ಕಿ ತಗೊಳ್ಳುವಾಗ ಇದನ್ನೂ ತಗೊಂಡು ಬರಬಹುದು. ಇಷ್ಟು ಜನ ಮಾಡುವ ಊರಲ್ಲಿ ಸಾಮಾನು ಮಾರುವ ಅಂಗಡಿಗಳೂ ದೊಡ್ಡವೇ ಇರುತ್ತವೆ, ಅಲ್ವಾ? ಪ್ರಪಂಚದ ಎಷ್ಟೋ ಮನೆಗಳಿಗೆ ಬ್ರೂಯಿಂಗ್ ಸಾಮಾನು ಕಳಿಸುವ ಕೆಗ್‌ಲ್ಯಾಂಡ್ ಕಂಪನಿ ಇರುವುದೂ ಮೆಲ್ಬರ್ನಿನಲ್ಲೇ.

ಪರೀಕ್ಷೆಗೆ ಬೇಕಾದ ರಾಗಿಯನ್ನು ಸಿಂಗಾಪುರದಿಂದ ಒಯ್ಯುವ ಯೋಚನೆಯನ್ನೇ ಮಾಡಲಿಲ್ಲ. ಆಸ್ಟ್ರೇಲಿಯಾಕ್ಕೆ ಇಳಿಯುವಾಗ ಬೀಜ, ಕಾಳು, ತಿನ್ನುವ ಪದಾರ್ಥ ಏನಿದ್ದರೂ ಚೀಟಿಯಲ್ಲಿ ಬರೆದು ತೋರಿಸಬೇಕು. ಮೊಳೆಯುವ ಕಾಳಿನ ವಿಷಯದಲ್ಲಿ ಬಹಳ ಬಿಗಿ. ಹೊರಗಿನ ಹುಳು, ರೋಗ ತಮ್ಮ ಹೊಲಕ್ಕೆ ಬರಬಾರದು ಅನ್ನುವ ಎಚ್ಚರ ಅದು. ಸರಿಯಾದ ಎಚ್ಚರವೇ. ರಾಗಿ ಅಲ್ಲೇ ಸಿಕ್ಕಿತು. ಮೆಲ್ಬರ್ನಿನ ಡ್ಯಾಂಡಿನಾಂಗ್ ಬಡಾವಣೆಯ ಫಾಸ್ಟರ್ ಸ್ಟ್ರೀಟಿನಲ್ಲಿ ಲಿಟ್ಲ್ ಇಂಡಿಯಾ ಇದೆ. ಸೀರೆ ಅಂಗಡಿ, ಮಿಠಾಯಿ ಅಂಗಡಿ, ದಿನಸಿ ಅಂಗಡಿ ಎಲ್ಲ ಒಂದರ ಪಕ್ಕ ಒಂದು. ಒಂದು ಕೆಜಿ ರಾಗಿ, ಜೊತೆಗೆ ಅಕ್ಕ ಹೇಳಿದ್ದ ಹುಣಸೆಹಣ್ಣು ತಗೊಂಡೆವು.

ಅಲ್ಲಿಂದ ಭಾವನ ಕಾರಿನಲ್ಲೇ ಬಿಯರ್ ಸಾಮಾನಿನ ಅಂಗಡಿಗೆ ಹೋದೆವು. ಗ್ಯಾರೇಜು, ಟೈಲ್ಸ್ ಗೋಡೌನು ಸಾಲಾಗಿರುವ ಜಾಗ. ಒಳಗೆ ಹೋದ ತಕ್ಷಣ ಮೂಗಿಗೆ ಬಡಿಯುವುದು ಮಾಲ್ಟಿನ ವಾಸನೆ. ಒಂದು ಗೋಡೆಯ ಉದ್ದಕ್ಕೂ ಬಾರ್ಲಿಯ ಡಬ್ಬಗಳು. ಬಿಳಿಚು ಬಣ್ಣದ್ದರಿಂದ ಶುರುವಾಗಿ ಕಾಫಿಬೀಜದಷ್ಟು ಕಪ್ಪಗಿನದ್ದರವರೆಗೆ ಇದ್ದವು. ಒಂದೊಂದರಿಂದಲೂ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡಿ ಎಂದು ಅಂಗಡಿಯವರೇ ಹೇಳಿದರು. ಫ್ರಿಜ್‌ನಲ್ಲಿ ಹಾಪ್ಸ್, ಅಂದರೆ ಬಿಯರಿಗೆ ಕಹಿ, ಘಮ ಕೊಡುವ ಹೂವಿನ ಪೊಟ್ಟಣಗಳಿದ್ದವು. ಗ್ಯಾಲಕ್ಸಿ ಎಂಬ ತಳಿಯ ಮಾದರಿಯನ್ನು ಕೈಯಲ್ಲಿ ಉಜ್ಜಿ ಮೂಸಲು ಕೊಟ್ಟರು. ಪ್ಯಾಶನ್ ಫ್ರೂಟಿನ ಘಮ. ಇನ್ನೊಂದು ಹಳೆಯ ತಳಿಯ ಹೆಸರು ಪ್ರೈಡ್ ಆಫ್ ರಿಂಗ್‌ವುಡ್. ರಿಂಗ್‌ವುಡ್ ಅಂದರೆ ಮೆಲ್ಬರ್ನಿನ ಪೂರ್ವಕ್ಕಿರುವ ಬಡಾವಣೆ. ಆ ತಳಿ ಹುಟ್ಟಿದ್ದೇ ಅಲ್ಲಿ.

ಗಿರಣಿಗಳನ್ನು ಹಿಂದಿನ ಮೇಜಿಗೆ ಬಿಗಿದಿಟ್ಟಿದ್ದರು. ರಾಗಿ ತಂದಿದ್ದೇನೆ, ಹಾಕಿ ನೋಡಬಹುದಾ ಎಂದು ಕೇಳಿದೆ. ಅಂಗಡಿಯಾತ ರಾಗಿಯನ್ನು ಅಂಗೈಗೆ ಸುರಿದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ತಾನೇ ಫೀಲರ್ ಗೇಜ್ ತಂದ. ಮೆಕ್ಯಾನಿಕ್‌ಗಳು ಸ್ಪಾರ್ಕ್ ಪ್ಲಗ್ಗಿನ ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು ಅವು. ಮೊದಲು 1.2ಕ್ಕೆ ಇಟ್ಟು ಹಿಡಿ ತಿರುಗಿಸಿದೆವು. ಅರ್ಧಕ್ಕರ್ಧ ಕಾಳು ಹಾಗೇ ಜಾರಿ ಕೆಳಗೆ ಬಿತ್ತು. 0.9ಕ್ಕೆ ತಂದೆವು, ಪರವಾಗಿಲ್ಲ ಅನ್ನಿಸಿತು. 0.6ರ ಹತ್ತಿರ ಬಂದಾಗ ಪ್ರತಿ ಕಾಳೂ ಎರಡು ಮೂರು ಚೂರಾಗಿ ಬಿತ್ತು. ಹಿಟ್ಟು ಕಡಿಮೆ, ನುಚ್ಚು ಜಾಸ್ತಿ. ನನಗೆ ಬೇಕಾಗಿದ್ದುದು ಇದೇ. ಎರಡು ರೋಲರಿನ ಗಿರಣಿಯಲ್ಲಿ ಸಂದು ಕಡಿಮೆಯಾದಂತೆ ಕಾಳು ಸಿಕ್ಕದೆ ಮೇಲೆಯೇ ಉರುಳಾಡುತ್ತಿತ್ತು. ಮೂರು ರೋಲರಿನದ್ದರಲ್ಲಿ ಮೇಲಿನ ಜೋಡಿ ಕಾಳನ್ನು ಹಿಡಿದು ಕೆಳಗೆ ದೂಡುತ್ತಿತ್ತು. ಅದನ್ನೇ ಆರಿಸಿದೆ.

"ಏನಮ್ಮಾ, ಸಿಂಗಾಪುರದಲ್ಲಿ ಮಿಲ್ ಇಡ್ತೀಯಾ?" ಅಂದರು ಭಾವ, ಅದನ್ನು ಎತ್ತಿ ನೋಡಿ.

"ಇಲ್ಲ ಭಾವ, ಇದರಲ್ಲಿ ಹಿಟ್ಟು ಬರಲ್ಲ. ನುಚ್ಚು ಮಾತ್ರ."

"ಹಾಗಾದ್ರೆ ಇಡ್ಲಿ ರವೆಗೂ ಆಗುತ್ತೆ ಅನ್ನು. ನಿಮ್ಮಕ್ಕಂಗೆ ಹೇಳ್ಬೇಡ."

ಗಿರಣಿಯ ಜೊತೆ ಬಿಯರ್ ತುಂಬಿಡುವ ಒಂದು ಚಿಕ್ಕ ಸ್ಟೀಲ್ ಕೆಗ್, ವಕ್ರೀಭವನ ನೋಡಿ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್, ಓ-ರಿಂಗು ಎಂಬ ರಬ್ಬರ್ ಬಳೆಗಳು, ಪೈಪು ಸೇರಿಸುವ ಜಾಯಿಂಟುಗಳು, ಇಷ್ಟನ್ನು ತಗೊಂಡೆ. 19 ಲೀಟರಿನ ಕೆಗ್ ಎಲ್ಲರೂ ಕೊಳ್ಳುವಂಥದ್ದು. ನನ್ನ 10 ಲೀಟರಿಗೆ ಅದು ಬೇಡ, ಸೂಟ್‌ಕೇಸಿಗೂ ಅದು ದೊಡ್ಡದು. ಅದರ ಅರ್ಧ ಅಳತೆಯದ್ದು ಸರಿಹೋಯಿತು. ದೊಡ್ಡ ಪಾತ್ರೆಗಳ ಕಡೆ ತಿರುಗಿಯೂ ನೋಡಲಿಲ್ಲ. ಕುದಿಸುವ ಡಬರಿ ಯಾವ ಊರಿನ ಪಾತ್ರೆ ಅಂಗಡಿಯಲ್ಲೂ ಸಿಗುತ್ತದೆ. ದೂರದಿಂದ ಹೊತ್ತು ತರಬೇಕಾದ್ದು ಅಳತೆಯ ಸಾಮಾನು ಮತ್ತು ಸೋರದಂತೆ ತಡೆಯುವ ಸಾಮಾನು. ಒಂದು ಓ-ರಿಂಗಿನ ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೆ ಇಡೀ ಕೆಗ್ಗಿನ ಗ್ಯಾಸ್ ಬೆಳಗಾಗುವುದರೊಳಗೆ ಖಾಲಿ.

ಕರೆಂಟಿನ ಸಾಮಾನು ಕೊಳ್ಳುವವರು ವೋಲ್ಟೇಜ್ ನೋಡಬೇಕು. ಆಸ್ಟ್ರೇಲಿಯಾ, ಸಿಂಗಾಪುರ, ಭಾರತ ಮೂರರಲ್ಲೂ 230 ವೋಲ್ಟ್, 50 ಹರ್ಟ್ಸ್. ಪಿನ್ ಮಾತ್ರ ಬೇರೆ ಬೇರೆ. ಅಮೆರಿಕದಿಂದ ತಂದರೆ 120 ವೋಲ್ಟ್, ಜಪಾನಿನಿಂದ ತಂದರೆ 100. ಹೀಟರ್ ಇರುವ ಯಂತ್ರವನ್ನು ಆ ಎರಡು ದೇಶಗಳಿಂದ ಸುಮ್ನೆ ಆಸೆಪಟ್ಟು ತರುವುದು ದಂಡ. ಕೆಗ್ಗಿಗೆ ಗ್ಯಾಸ್ ಕೊಡುವ ಸಿಲಿಂಡರಿಗೆ ಹಾಕುವ ರೆಗ್ಯುಲೇಟರಿನ ತಿರುಪಿನ ಮರೆಯೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅದನ್ನು ಗ್ಯಾಸ್ ಕೊಳ್ಳುವ ಊರಲ್ಲೇ ತಗೊಳ್ಳುವುದು ವಾಸಿ.

ವಿಮಾನಕ್ಕೆ ಹಾಕಲೇಬಾರದ ಸಾಮಾನೂ ಇವೆ. ಕಾರ್ಬನ್ ಡೈಆಕ್ಸೈಡ್ ತುಂಬಿದ ಸಿಲಿಂಡರ್ ಖಂಡಿತ ಬೇಡ. ಪಾತ್ರೆಗಳನ್ನು ಶುದ್ಧಮಾಡುವ ಸ್ಟಾರ್ ಸ್ಯಾನ್ ದ್ರವದಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ, ಅದು ಮೈಗೆ ತಾಗಿದರೆ ಸುಡುವಂಥದ್ದು. ತೊಳೆಯಲು ಬಳಸುವ ಸೋಡಿಯಂ ಪರ್ಕಾರ್ಬೊನೇಟ್ ಪುಡಿ ನೋಡಲು ಸೋಪಿನ ಪುಡಿ ಥರ ಇದ್ದರೂ ಬೆಂಕಿಗೆ ಆಮ್ಲಜನಕ ಒದಗಿಸುವಂಥದ್ದು. ಈ ಮೂರನ್ನೂ ಬಿಟ್ಟೇ ಬರಬೇಕು. ಒಣ ಯೀಸ್ಟ್ ಪೊಟ್ಟಣ ಅಂದರೆ ಹನ್ನೊಂದು ಗ್ರಾಂ ಚಿಲ್ಲರೆ, ಅಷ್ಟೇ. ಆದರೂ ಅದನ್ನು ಸಿಂಗಾಪುರದಲ್ಲೇ ಕೊಳ್ಳೋಣ ಎಂದುಕೊಂಡೆ. ಇಂಥ ಪುಡಿಗಳನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಓಡಾಡುವುದು ನನಗೆ ಹಿಡಿಸುವುದಿಲ್ಲ.

ಪ್ಯಾಕ್ ಮಾಡುವ ಕೆಲಸ ಅಕ್ಕ ವಹಿಸಿಕೊಂಡಳು. ಕೆಗ್ಗಿನ ಮುಚ್ಚಳ ತೆಗೆದು ಒಳಗೆ ಸಾಕ್ಸು, ಟೀ ಶರ್ಟು, ಸುರುಳಿ ಸುತ್ತಿದ ಪೈಪು ತುಂಬಿದಳು. ಮುಚ್ಚಳವನ್ನು ಬೇರೆ ಕವರಿಗೆ ಹಾಕಿದಳು. ಮುಚ್ಚಿದ ಉಕ್ಕಿನ ಪಾತ್ರೆ ಎಕ್ಸ್‌ರೇಯಲ್ಲಿ ಕಂಡರೆ ಯಾರಿಗಾದರೂ ಅನುಮಾನ ಬರುವುದು ಸಹಜ. ಬಾಯಿ ತೆರೆದಿದ್ದರೆ ಒಳಗೆ ಒತ್ತಡ ಇಲ್ಲ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಗಿರಣಿಯನ್ನು ಸ್ವೆಟರಿನಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ, ಚಕ್ರದ ಕಡೆಗೆ ಇಟ್ಟೆವು. ಭಾರ ಕೆಳಗಿದ್ದರೆ ಎಳೆಯುವಾಗ ಪೆಟ್ಟಿಗೆ ಮಗುಚುವುದಿಲ್ಲ. ಅದರ ಮೇಲೆ ಕಾಳು ಒಡೆಯುವ ಗಿರಣಿ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ, ಬಿಲ್ಲಿನ ನಕಲು ಅಂಟಿಸಿದೆ. ಸಕ್ಕರೆ ಅಳೆಯುವ ಗಾಜಿನ ಹೈಡ್ರೋಮೀಟರ್ ಕೊಳ್ಳದಿದ್ದದ್ದು ಪೆಟ್ಟಿಗೆಯಲ್ಲಿ ಒಡೆದುಹೋದೀತು ಎಂದೇ. ಅದು ಮೊಟ್ಟೆಯಷ್ಟು ಸೂಕ್ಷ್ಮ. ಒಂದು ಪೆಟ್ಟಿಗೆ 32 ಕೆಜಿ ಮೀರಿದರೆ ಟಿಕೆಟ್ಟಿನಲ್ಲಿ ಎಷ್ಟೇ ಭಾರಕ್ಕೆ ಅವಕಾಶವಿದ್ದರೂ ತಗೊಳ್ಳುವುದಿಲ್ಲ. ಎತ್ತಿಹಾಕುವವರ ಬೆನ್ನಿನ ಯೋಚನೆ ಅದು. ನಮ್ಮದು ಅಷ್ಟೇನೂ ಆಗಿರಲಿಲ್ಲ.

ಮೆಲ್ಬರ್ನಿನ ಟುಲ್ಲಮರೀನ್ ವಿಮಾನ ನಿಲ್ದಾಣಕ್ಕೆ ಬೇಗ ಹೊರಟೆವು. ಅಲ್ಲಿ ತೆರಿಗೆ ವಾಪಸ್ ಪಡೆಯುವ ಏರ್ಪಾಡಿದೆ. ಒಬ್ಬನೇ ವ್ಯಾಪಾರಿಯ ಹತ್ತಿರ 300 ಆಸ್ಟ್ರೇಲಿಯನ್ ಡಾಲರಿಗೆ ಕಡಿಮೆಯಿಲ್ಲದಂತೆ ಕೊಂಡಿರಬೇಕು. ಕೊಂಡು 60 ದಿನದೊಳಗೆ ದೇಶ ಬಿಡಬೇಕು. ತೆರಿಗೆ ಶೇ 10 ಇರುವುದರಿಂದ ಬಿಲ್ಲಿನ ಹನ್ನೊಂದನೇ ಒಂದು ಪಾಲು ಕೈಗೆ ಬರುತ್ತದೆ. 330 ಡಾಲರ್ ಕೊಟ್ಟಿದ್ದರೆ 30 ಡಾಲರ್ ವಾಪಸ್. ಸಾಮಾನನ್ನು ಕೈಚೀಲದಲ್ಲೇ ಒಯ್ದು, ಪಾಸ್‌ಪೋರ್ಟ್ ತಪಾಸಣೆ ಮುಗಿದ ಮೇಲಿನ ಕೌಂಟರಿನಲ್ಲಿ ತೋರಿಸಬೇಕು ಅನ್ನುವುದು ನಿಯಮ. ಕೈಚೀಲದಲ್ಲಿ ಹಿಡಿಸದ ದೊಡ್ಡ ಸಾಮಾನಾದರೆ, ಚೆಕ್ ಇನ್ ಮಾಡುವುದಕ್ಕೂ ಮುಂಚೆ ಬಾರ್ಡರ್ ಫೋರ್ಸ್ (ಅಲ್ಲಿನ ಕಸ್ಟಮ್ಸ್) ಕಚೇರಿಗೆ ಹೋಗಿ ತೋರಿಸಬೇಕು. ಈ ಕ್ರಮ ತಪ್ಪಿದರೆ ಹಣ ಬರುವುದಿಲ್ಲ. ಹೊಸಬರು ಮೊದಲು ತಿಳಿದುಕೊಳ್ಳಬೇಕಾದ್ದು ಇದನ್ನೇ.

ಅಧಿಕಾರಿ ಮಹಿಳೆ ಪೆಟ್ಟಿಗೆ ತೆರೆಸಿದರು. ಕೆಗ್ಗಿನ ಬಾಯಿಂದ ಸಾಕ್ಸ್ ಇಣುಕುತ್ತಿತ್ತು. ಗಿರಣಿ ಕಂಡು, ಇದರಲ್ಲಿ ಏನು ಒಡೆಯುತ್ತೀರಿ ಎಂದು ಕೇಳಿದರು. ರಾಗಿಯ ವಿಷಯ ಹೇಳಿದೆ. ಅವರ ತಂದೆ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಿದ್ದರಂತೆ, ಬಾಟಲಿ ತೊಳೆಯುವುದು ಮಕ್ಕಳ ಕೆಲಸವಾಗಿತ್ತಂತೆ. ಬಿಲ್ಲಿಗೆ ಗುರುತು ಹಾಕಿ ಕೊಟ್ಟರು. ಒಳಗಿನ ಕೌಂಟರಿನಲ್ಲಿ ಉಳಿದ ಕೆಲಸ ಬೇಗ ಮುಗಿಯಿತು.

ಸಿಂಗಾಪುರದಲ್ಲಿ ಇಳಿಯುವಾಗಿನ ಲೆಕ್ಕ ಬೇರೆ. ಇಲ್ಲಿನ ನಾಗರಿಕರು ಮತ್ತು ನನ್ನಂಥ ಕಾಯಂ ನಿವಾಸಿಗಳು 48 ಗಂಟೆಯೋ ಅದಕ್ಕೂ ಹೆಚ್ಚೋ ಹೊರಗಿದ್ದು ಬಂದರೆ 500 ಸಿಂಗಾಪುರ ಡಾಲರ್‌ವರೆಗಿನ ಹೊಸ ಸಾಮಾನಿಗೆ ತೆರಿಗೆಯಿಲ್ಲ. ಅದಕ್ಕೂ ಕಡಿಮೆ ಹೊತ್ತಾದರೆ 100 ಡಾಲರ್. ಮೀರಿದ್ದಕ್ಕೆ ಶೇ 9 ಜಿಎಸ್‌ಟಿ ಕಟ್ಟಬೇಕು. ಉದ್ಯೋಗ ಪಾಸ್, ವಿದ್ಯಾರ್ಥಿ ಪಾಸ್ ಇದ್ದವರಿಗೆ ಈ ರಿಯಾಯಿತಿ ಇಲ್ಲ. ನನ್ನದು ಮಿತಿಯೊಳಗೇ ಇತ್ತು.

ಬೆಂಗಳೂರಿನ ಗೆಳತಿ ತನಗೂ ಇಂಥದೊಂದು ಸೆಟ್ ತಂದುಕೊಡು ಎಂದಿದ್ದಳು. ಒಪ್ಪಲಿಲ್ಲ. ಊರ ತುಂಬ ಮೈಕ್ರೋಬ್ರೂವರಿಗಳಿವೆ ನಿಜ, ಅವರೆಲ್ಲ ಲೈಸೆನ್ಸ್ ಪಡೆದವರು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಸಿಂಗಾಪುರದ ಥರ ಮನೆಬಳಕೆಗೆ ಇಂತಿಷ್ಟು ಲೀಟರ್ ಎಂದು ಬಿಡುಗಡೆ ಕೊಟ್ಟರೆ ನಮ್ಮ ರಾಗಿಯಲ್ಲಿ, ನಮ್ಮ ಕಿತ್ತಳೆ ಸಿಪ್ಪೆಯಲ್ಲಿ ಎಷ್ಟು ಚೆಂದದ ಬಿಯರುಗಳು ಹುಟ್ಟಬಹುದು! ನನಗಂತೂ ಹಾಗಾಗಲಿ ಅನ್ನಿಸುತ್ತದೆ.

ಮನೆಗೆ ಬಂದ ಮೇಲೆ ಮೊಳಕೆ ಕಟ್ಟಿ ಒಣಗಿಸಿಟ್ಟಿದ್ದ ರಾಗಿಯನ್ನು 0.6ರಲ್ಲಿ ಒಡೆದೆ. ಬಾರ್ಲಿಯನ್ನು 1.2ರಲ್ಲಿ ಬೇರೆಯಾಗಿ ಒಡೆದೆ. ರಾಗಿಯ ಪಿಷ್ಟ ಕರಗಲು ಬಾರ್ಲಿಗಿಂತ ಹೆಚ್ಚು ಶಾಖ ಬೇಕು. ಹಾಗಾಗಿ ರಾಗಿ ನುಚ್ಚನ್ನು ಮೊದಲು ಪ್ರತ್ಯೇಕ ಬೇಯಿಸಿ, ಆರಿಸಿ, ಆಮೇಲೆ 66 ಡಿಗ್ರಿಯಲ್ಲಿದ್ದ ಬಾರ್ಲಿಗೆ ಸೇರಿಸಿದೆ. ಬೇಯಿಸಿದ ಮೇಲೆ ರಾಗಿಯ ಕಿಣ್ವ ಉಳಿಯುವುದಿಲ್ಲ, ಬಾರ್ಲಿಯದ್ದೇ ಎರಡಕ್ಕೂ ಸಾಕಾಗುತ್ತದೆ. ಮೊಳಕೆಯ ಘಮವಂತೂ ಹಾಗೇ ಇರುತ್ತದೆ. ಒಂದು ಗಂಟೆ ಬಿಟ್ಟು ನಲ್ಲಿ ತಿರುಗಿಸಿದೆ. ಮೊದಲು ಕೆಂಚಗೆ, ಕದಡಿಕೊಂಡು ಬಂತು. ಅದನ್ನೇ ಮತ್ತೆ ಮೇಲಿಂದ ಸುರಿದೆ. ಮೂರನೇ ಸಲಕ್ಕೆ ತಿಳಿಯಾಗಿ ಇಳಿಯತೊಡಗಿತು, ನಿಲ್ಲಲಿಲ್ಲ.

ಯೀಸ್ಟಿಗೆ ವೋಸ್ ಕ್ವೈಕ್ ಆರಿಸಿದ್ದೆ. ನಾರ್ವೆಯ ಹಳ್ಳಿ ಮನೆಗಳಲ್ಲಿ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ತಳಿ ಅದು. ಏಲ್ ಎಂಬ ಬಗೆಯ ಬಿಯರಿಗೆ ಬಳಸುವ ಬೇರೆ ಯೀಸ್ಟುಗಳಿಗೆ 20 ಡಿಗ್ರಿ ಹತ್ತಿರದ ತಂಪು ಬೇಕು. ಇದು 35ರಿಂದ 40 ಡಿಗ್ರಿಯಲ್ಲಿ ಖುಷಿಯಾಗಿ ಕೆಲಸ ಮಾಡುತ್ತದೆ, ಕಿತ್ತಳೆಯ ವಾಸನೆ ಕೊಡುತ್ತದೆ. ಸಿಂಗಾಪುರದ ಸೆಕೆಗೆ ಇದಕ್ಕಿಂತ ಒಳ್ಳೆಯ ಯೀಸ್ಟ್ ನನಗೆ ಗೊತ್ತಿಲ್ಲ. ಬಿಯರ್ ನಸುಗೆಂಪಗೆ ಬಂತು. ಕುಡಿದಾದ ಮೇಲೆ ನಾಲಿಗೆಯಲ್ಲಿ ರಾಗಿ ಮಾಲ್ಟಿನ ರುಚಿ ಉಳಿಯುತ್ತದೆ. ಈ ಸಲ ಒಟ್ಟು ಕಾಳಿನಲ್ಲಿ ರಾಗಿ ಶೇ 30ರಷ್ಟಿತ್ತು. ಮುಂದಿನ ಸಲ 40ಕ್ಕೆ ಏರಿಸಬೇಕು. ಅಷ್ಟಾದರೆ ಸೋಸುವುದಕ್ಕೆ ಬಾರ್ಲಿಯ ಹೊಟ್ಟು ಸಾಲುವುದಿಲ್ಲ, ತೊಳೆದ ಭತ್ತದ ಹೊಟ್ಟು ಒಂದೆರಡು ಹಿಡಿ ಬೆರೆಸಬೇಕಾಗುತ್ತದೆ.