ಟೀಚರ ಕೆಂಪು ಅಕ್ಷರ

ಅಮ್ಮನ ಟ್ರಂಕಿನಲ್ಲಿ ನನ್ನ ಮೂರನೇ ಕ್ಲಾಸಿನ ಕಾಪಿ ಪುಸ್ತಕ ಸಿಕ್ಕಿದ್ದು ಕಳೆದ ಮೇ ತಿಂಗಳಲ್ಲಿ. ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ‘ಚೆನ್ನಾಗಿದೆ’ ಎಂದಿತ್ತು. ನಮ್ಮ ಟೀಚರ ಅಕ್ಷರ. ‘ನ್ನಾ’ದ ದೀರ್ಘವನ್ನು ಅವರು ಅಲಸಂಡೆ ಬಳ್ಳಿಯ ಕುಡಿಯ ಹಾಗೆ ಎಳೆದು ಸುರುಳಿ ಸುತ್ತುತ್ತಿದ್ದರು. ಸುರುಳಿ ದೊಡ್ಡದಿದ್ದ ದಿನ ಬರವಣಿಗೆ ಅವರಿಗೆ ನಿಜಕ್ಕೂ ಹಿಡಿಸಿದೆ ಎಂದು ನಾವು ಮಕ್ಕಳು ಲೆಕ್ಕ ಹಾಕುತ್ತಿದ್ದೆವು.

ಆ ತಿಂಗಳ ಕೊನೆಗೇ ಅವರ ನಿವೃತ್ತಿ. ಹಳೆ ವಿದ್ಯಾರ್ಥಿಗಳು ಶಾಲು, ಹಾರ, ಫಲಕ ಎಂದು ಮಾತಾಡಿಕೊಂಡಿದ್ದರು. ಫಲಕ ಶೋಕೇಸಿಗೆ ಹೋಗುತ್ತದೆ. ನನಗೆ ಅವರ ಜೊತೆ ದಿನಾ ಓಡಾಡುವಂಥದ್ದು ಏನಾದರೂ ಕೊಡಬೇಕಿತ್ತು.

2020ರ ಜನವರಿ 1ರಿಂದ ಕೇರಳದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧವಾಯಿತಲ್ಲ, ಅಂಗಡಿಯ ತೊಟ್ಟೆ ನಂಬಿ ಪೇಟೆಗೆ ಹೋಗುವ ಹಾಗಿರಲಿಲ್ಲ. ಬಟ್ಟೆಯ ಟೋಟ್ ಬ್ಯಾಗಿಗೆ ಬಣ್ಣ ಹಚ್ಚುವ ಹುಚ್ಚು ನನಗೆ ಹಿಡಿದದ್ದು ಆಗ. ಮೊದಲು ಹೂ, ಎಲೆ, ಯಕ್ಷಗಾನದ ಕಿರೀಟ. ಆಮೇಲೆ ಬರೀ ಅಕ್ಷರ. ಕಾಸರಗೋಡಿನ ನಮ್ಮ ಬದಿಯಡ್ಕ, ಕನ್ನಡದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿದ ಊರು. ಆದರೂ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯ ಹೆಸರಿನಲ್ಲಿ ಕನ್ನಡ ಕಡಿಮೆಯಾಗುತ್ತಲೇ ಬಂತು. ಮಲಯಾಳದ ಮೇಲೆ ನನಗೆ ಬೇಸರವಿಲ್ಲ, ಅದೂ ನನ್ನ ನಾಲಿಗೆಯದೇ. ಹೆಗಲಿನ ಚೀಲದಲ್ಲಾದರೂ ನನ್ನ ಅಕ್ಷರ ಪೇಟೆ ಸುತ್ತಲಿ ಎಂಬ ಆಸೆ, ಅಷ್ಟೆ.

ಟೀಚರಿಗೆ ಕೊಡುವ ಚೀಲದ ಮೇಲೆ ಅವರದೇ ‘ಚೆನ್ನಾಗಿದೆ’ ಬರೆಯಹೊರಟೆ. ಮೊದಲ ಚೀಲ ಕೆಟ್ಟಿತು. ಅವಸರದಲ್ಲಿ ಬಣ್ಣಕ್ಕೆ ನೀರು ಜಾಸ್ತಿ ಬೆರೆಸಿದ್ದೆ, ಒಳಗೆ ರಟ್ಟು ಇಡಲು ಮರೆತಿದ್ದೆ. ಕೆಂಪು ಬಣ್ಣ ನೂಲಿನ ಎಳೆ ಹಿಡಿದು ಹರಡಿ ನಕಾರದ ಒತ್ತು ಮುಚ್ಚಿಹೋಯಿತು, ಚೀಲದ ಹಿಂಬದಿಗೂ ಇಳಿಯಿತು. ಆ ರಾತ್ರಿ ಅಳು ಬಂತು. ಟೀಚರ ಅಕ್ಷರವನ್ನೇ ಹಾಳು ಮಾಡಿದೆನಲ್ಲ ಎಂದು.

ಮರುದಿನ ಹೊಸ ಚೀಲವನ್ನು ಬಿಸಿನೀರಲ್ಲಿ ಒಗೆದು ಗಂಜಿ ತೆಗೆದೆ. ಮೇ ತಿಂಗಳ ಬಿಸಿಲಿಗೆ ಅಂಗಳದಲ್ಲಿ ಬೇಗ ಒಣಗಿತು. ದೊಡ್ಡದು ಮಾಡಿಸಿದ ಪ್ರಿಂಟನ್ನು ಕಾರ್ಬನ್ ಕಾಗದದ ಮೇಲಿಟ್ಟು ಗೆರೆ ಇಳಿಸಿದೆ. ಬಣ್ಣ ಈ ಸಲ ಇಡ್ಲಿ ಹಿಟ್ಟಿನಷ್ಟು ದಪ್ಪ. ದೀರ್ಘದ ಸುರುಳಿಗೆ ಬಂದಾಗ ಕೈ ನಿಂತಿತು. ಅವರು ಅದನ್ನು ಒಂದೇ ಎಳೆತದಲ್ಲಿ ಬರೆದಿದ್ದರು, ನನಗೆ ಕುಂಚವನ್ನು ಮೂರು ಸಲ ಅದ್ದಬೇಕಾಯಿತು. ಮೂವತ್ತು ಮಕ್ಕಳ ಪುಸ್ತಕದಲ್ಲಿ ದಿನಾ ಆ ಸುರುಳಿ ಎಳೆದ ಕೈ ಅದು. ಒಂದು ಹಗಲು, ಒಂದು ರಾತ್ರಿ ಒಣಗಲು ಬಿಟ್ಟು, ಹಿಂಬದಿಯಿಂದ ಇಸ್ತ್ರಿ ಹಾಕಿ ಬಣ್ಣ ಕೂರಿಸಿದೆ.

ಸಮಾರಂಭ ಎಲ್ಲ ಸಮಾರಂಭಗಳ ಹಾಗೇ ನಡೆಯಿತು. ಕೊನೆಗೆ ಚೀಲ ಕೊಟ್ಟೆ. ಟೀಚರ್ ಕನ್ನಡಕ ಸರಿಮಾಡಿ, ಸುರುಳಿಯ ಮೇಲೆ ಬೆರಳಾಡಿಸಿ, “ಇದು ನನ್ನ ಅಕ್ಷರ ಅಲ್ವಾ?” ಎಂದರು. ಕಾಪಿ ಪುಸ್ತಕ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಶಾಲು, ಹಾರ, ಫಲಕ ಎಲ್ಲವನ್ನೂ ಚೀಲಕ್ಕೆ ತುಂಬಿ, ಅಕ್ಷರ ಹೊರಗೆ ಕಾಣುವಂತೆ ಹೆಗಲಿಗೆ ಹಾಕಿಕೊಂಡರು.

ಆಟಿ ತಿಂಗಳ ಮಳೆಯಲ್ಲಿ ಪೇಟೆಯಲ್ಲಿ ಸಿಕ್ಕಿದರು. ಚೀಲದಲ್ಲಿ ಬಾಳೆಕಾಯಿ, ಬಸಳೆ. ಮೂಲೆಯಲ್ಲಿ ಬಾಳೆಯ ಕಲೆ ಹತ್ತಿತ್ತು. “ಕಲೆ ಹೋಗುವುದಿಲ್ಲ ಮಗಾ,” ಎಂದರು, “ಕೆಂಪೂ ಹೋಗಿಲ್ಲ ನೋಡು.”