ಬಾಯ್ಲರ್ ಬೂದಿಯ ವೆನೇಡಿಯಮ್ ಮತ್ತು ನಾನು ದಾಟಿಬಂದ ನೀಲಿ ನೀರು

ಫರ್ನೇಸ್ ಆಯಿಲ್ ಉರಿಸುವ ಬಾಯ್ಲರ್‌ಗಳ ಬೂದಿಯಿಂದ ವೆನೇಡಿಯಮ್ ಮತ್ತು ನಿಕ್ಕಲ್ ತೆಗೆಯುವ ಸಣ್ಣ ಘಟಕವೊಂದರ ಪ್ರಯೋಗಾಲಯಕ್ಕೆ ನಾನು ಸೇರಿದ ಮೊದಲ ವರ್ಷದ ತಪ್ಪು ಇದು. ಕಲ್ಲಿದ್ದಲಿನ ಹಾರುಬೂದಿಯನ್ನು ಕಂಡವರಿಗೆ ಇದು ಬೂದಿಯೆಂದೇ ಅನ್ನಿಸದು. ಉರಿಯದೆ ಉಳಿದ ಇಂಗಾಲವೇ ಹೆಚ್ಚಾಗಿರುವುದರಿಂದ ಕಾಡಿಗೆಯಂತೆ ಕಪ್ಪಾಗಿದ್ದು, ಮುಟ್ಟಿದ ಬೆರಳನ್ನು ಸುಲಭಕ್ಕೆ ಬಿಡುವುದಿಲ್ಲ. ಕಚ್ಚಾ ತೈಲದ ಪಾರ್ಫಿರಿನ್ ಎಂಬ ಉಂಗುರದಾಕಾರದ ಅಣುಗಳಲ್ಲಿ ಅಡಗಿ ಬರುವ ಈ ಲೋಹಗಳು, ಶುದ್ಧೀಕರಣದ ಕೊನೆಗೆ ಉಳಿಯುವ ಭಾರವಾದ ಎಣ್ಣೆಯಲ್ಲಿ ಸೇರಿಕೊಂಡು, ಅದು ಉರಿದಾಗ ಬೂದಿಗೆ ಬರುತ್ತವೆ.

ಮಾದರಿ ತರಲು ಹೋದ ಕಾರ್ಖಾನೆಯಲ್ಲಿ ಬೂದಿಯ ಚೀಲಗಳನ್ನು ಬಯಲಿನಲ್ಲೇ ಒಟ್ಟಿದ್ದರು. ಅವುಗಳ ಬುಡದ ಗುಂಡಿಯಲ್ಲಿ ಮೈಲುತುತ್ತದ ಬಣ್ಣದ ನೀರು ನಿಂತಿತ್ತು. "ಮಳೆಗಾಲ ಪೂರ್ತಿ ಇಲ್ಲಿ ನೀಲಿ ನೀರೇ ಸಾರ್" ಎಂದು ಅಲ್ಲಿನ ಕೆಲಸಗಾರರು ಹೇಳಿದರೂ, ಪಕ್ಕದಲ್ಲಿ ಬಿದ್ದಿದ್ದ ಗುಜರಿ ತಂತಿಯ ತಾಮ್ರವಿರಬೇಕೆಂದು ಭಾವಿಸಿ, ಕೈಗೆಟುಕಿದ ಮೇಲಿನ ಚೀಲದಿಂದ ಬೂದಿ ತುಂಬಿಕೊಂಡು ಬಂದೆ.

ವೆನೇಡಿಯಮ್ ಆಮ್ಲಜನಕದೊಂದಿಗೆ ಪೂರ್ತಿ ಸೇರಿ ಆಗುವ ವೆನೇಡಿಯಮ್ ಪೆಂಟಾಕ್ಸೈಡ್ ಕಾಸ್ಟಿಕ್ ಸೋಡಾ ಎಂಬ ಕ್ಷಾರದಲ್ಲಿ ಕರಗುತ್ತದೆ, ನಿಕ್ಕಲ್ ಮತ್ತು ಕಬ್ಬಿಣ ಕರಗದೆ ಉಳಿಯುತ್ತವೆ ಎಂಬ ಲೆಕ್ಕಾಚಾರದಿಂದ ನೇರವಾಗಿ ಕ್ಷಾರದ ದಾರಿ ಹಿಡಿದೆ. ಬೂದಿಯಲ್ಲಿದ್ದ ವೆನೇಡಿಯಮ್‌ನ ಅರ್ಧವೂ ದ್ರಾವಣಕ್ಕೆ ಬರಲಿಲ್ಲ. ಕಾಸ್ಟಿಕ್ ಹೆಚ್ಚಿಸಿದೆ, ಕಾಯಿಸಿದೆ, ಹೊತ್ತು ಹೆಚ್ಚಿಸಿದೆ; ಮೂರು ವಾರ ಹೀಗೇ ಕಳೆಯಿತು. ಕೊನೆಗೆ ನಮ್ಮ ಹಿರಿಯರು, "ಇದನ್ನು ಬರೀ ನೀರಿಗೆ ಹಾಕಿ ನೋಡಿದ್ದೀರೇನ್ರೀ?" ಎಂದು ಕೇಳಿದರು.

ಹಾಕಿ ಸೋಸಿದಾಗ ಇಳಿದದ್ದು ಅದೇ ತಿಳಿನೀಲಿ ನೀರು. ಆಮ್ಲ ಬೆರೆಸಿ ಬಿಸಿ ಮಾಡಿ, ಉತ್ಕರ್ಷಣ ಮಾಡುವ, ಅಂದರೆ ಆಮ್ಲಜನಕ ಕೊಡುವ, ಪರ್ಮಾಂಗನೇಟ್ ಹನಿಸಿದಂತೆ, ಅದರ ನೇರಳೆ ಬಣ್ಣ ಮಾಯವಾಗುತ್ತ ನೀಲಿ ಹಳದಿಗೆ ತಿರುಗಿತು. ತಾಮ್ರವಾಗಿದ್ದರೆ ಹೀಗಾಗುತ್ತಿರಲಿಲ್ಲ. ಎಣ್ಣೆಯ ಗಂಧಕದಿಂದ ಹುಟ್ಟಿದ ಆಮ್ಲದ ಜೊತೆ ಸೇರಿ, ವೆನೇಡಿಯಮ್‌ನ ಬಹುಪಾಲು ಪೂರ್ತಿ ಉತ್ಕರ್ಷಣಗೊಳ್ಳದೆ, ನೀರಿನಲ್ಲಿ ಕರಗುವ ವೆನೇಡಿಲ್ ಸಲ್ಫೇಟ್ ಎಂಬ ನೀಲಿ ಲವಣ ಆಗಿಬಿಟ್ಟಿತ್ತು. ಅದು ನನ್ನ ಕ್ಷಾರದಲ್ಲಿ ಕಂದು ಗಸಿಯಾಗಿ ಇಳಿದು, ಕಪ್ಪು ಇಂಗಾಲದ ನಡುವೆ ಕಣ್ಣಿಗೇ ಬಿದ್ದಿರಲಿಲ್ಲ.

ಮೊದಲು ಬೂದಿಯನ್ನು ಗಾಳಿಯಲ್ಲಿ ಹುರಿದು ಇಂಗಾಲವನ್ನು ಸುಟ್ಟು, ವೆನೇಡಿಯಮ್ ಪೂರ್ತಿ ಉತ್ಕರ್ಷಣಗೊಂಡ ಮೇಲೆ ಕಾಸ್ಟಿಕ್‌ಗೆ ಹಾಕುವುದೆಂದು ನಿರ್ಧರಿಸಿದೆವು. ಇಲ್ಲಿಯೂ ಅವಸರಪಟ್ಟು ಕುಲುಮೆಯನ್ನು 700 ಡಿಗ್ರಿ ದಾಟಿಸಿದ್ದರಿಂದ, ಸುಮಾರು 690 ಡಿಗ್ರಿಗೇ ಕರಗುವ ಪೆಂಟಾಕ್ಸೈಡ್ ಮೂಸೆಗೆ ಗಾಜಿನಂತೆ ಅಂಟಿ ಕೂತಿತು. ಸೋಡಿಯಂ ಇದ್ದರೆ ಅದಕ್ಕೂ ಬಹಳ ಮೊದಲೇ ಕರಗುತ್ತದೆ. ಕಾವು ಇಳಿಸಿದ ಮೇಲೆ ಬೂದಿ ಇಟ್ಟಿಗೆ ಬಣ್ಣಕ್ಕೆ ಬಂದು, ಹಳದಿ ದ್ರಾವಣ ಸಿಕ್ಕಿ, ಅಮೋನಿಯಂ ಕ್ಲೋರೈಡ್ ಹಾಕಿದಾಗ ವೆನೇಡಿಯಮ್ ಅಮೋನಿಯಂ ಮೆಟಾವೆನೇಡೇಟ್ ಎಂಬ ಲವಣವಾಗಿ ಬೆಳ್ಳಗೆ ತಳಕ್ಕೆ ಇಳಿಯಿತು. ಅಷ್ಟರಲ್ಲಿ ಕಾರ್ಖಾನೆಯ ಬಯಲಿನಲ್ಲಿ ಎಷ್ಟು ಲೋಹ ಮಣ್ಣಿಗೆ ಇಳಿದಿತ್ತೋ ಅದಕ್ಕೆ ಲೆಕ್ಕವಿಲ್ಲ; ವಿಷಕಾರಿಯಾದ ಈ ಲೋಹಗಳ ಆ ನಷ್ಟ ಹಣದ್ದಷ್ಟೇ ಅಲ್ಲ.

ಈಗ ನಾನು ಮೇಲಿನ ಚೀಲ, ಬುಡದ ಚೀಲ ಮತ್ತು ಗುಂಡಿಯ ನೀರಿನ ಮಾದರಿಗಳನ್ನು ಬೇರೆಬೇರೆಯಾಗಿ ತರುತ್ತೇನೆ. ಬೂದಿ ಎಷ್ಟು ಮಳೆ ಕಂಡಿದೆ ಎಂಬುದನ್ನು ಅಲ್ಲಿ ಚೀಲ ಹೊರುವವರನ್ನೇ ಕೇಳಿ, ಮಾದರಿ ಚೀಟಿಯ ಮೇಲೆ ಬರೆದುಕೊಳ್ಳುತ್ತೇನೆ.